ಫೋಟೊದ ಕೆಳಗಿನ ನಂಬರು

ನಾನು ತೆಗೆದ ಫೋಟೊಗೆ ಆನ್‌ಲೈನಿನಲ್ಲಿ ಸಿಕ್ಕಿದ ಮೊದಲ ಹೊಗಳಿಕೆ 'ಅಣ್ಣಾ, ಸೂಪರ್' ಎಂಬುದು. ಪೇಜಿನ ಮೇಲ್ತುದಿಯಲ್ಲಿ ನನ್ನದೇ ಮುಖವಿತ್ತು. ಸೀರೆ ಉಟ್ಟು, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ನಿಂತದ್ದು. ಆದರೂ ಅಣ್ಣಾ. ಹೊಗಳಿಕೆ ಸಿಕ್ಕಿದ ಫೋಟೊ ನ್ಯಾಮತಿಯ ಬಸ್ ಸ್ಟ್ಯಾಂಡಿನದು. ಇನ್ನೂ ಸರಿಯಾಗಿ ಬೆಳಗಾಗದ ಹೊತ್ತಿನಲ್ಲಿ ಹೂ ಮಾರುವಾಕೆ ಸೇವಂತಿಗೆ ಮಾಲೆಯನ್ನು ಮೊಳ ಹಾಕುತ್ತಿದ್ದಳು. ಶಿವಮೊಗ್ಗದ ಬಸ್ಸು ತಿರುಗುವಾಗ ಅದರ ಹೆಡ್‌ಲೈಟು ಒಂದು ಗಳಿಗೆ ಅವಳ ಮೊಣಕೈ ಮೇಲೆ, ಮಾಲೆಯ ಮೇಲೆ ಬಿತ್ತು. ಅಷ್ಟೇ ಸಿಕ್ಕಿದ್ದು. ಆ ಬೆಳಕಿಗೆ ಕಾದು ನಿಂತು ನನ್ನ ಕಾಲು ಮರಗಟ್ಟಿತ್ತು.

'ಅಣ್ಣ ಅಲ್ಲಪ್ಪಾ, ಅಕ್ಕ' ಎಂದು ಬರೆದೆ. ಕೂಡಲೇ ಉತ್ತರ ಬಂತು: 'ಓ, ಸಾರಿ ಅಕ್ಕ. ಕ್ಯಾಮೆರಾ ಯಾರು ಸೆಟ್ ಮಾಡಿಕೊಟ್ರು?'

ಮೈಯೆಲ್ಲ ಉರಿದುಹೋಯಿತು. ಮದುವೆ ಮನೆಗಳಲ್ಲೂ ಇದೇ ಕಥೆ. ನಮ್ಮ ಮನೆಯವರಿಗೆ ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಮಾಡುವ ಅಂಗಡಿ. ಬಿಡುವಿದ್ದಾಗ ನನ್ನ ಜೊತೆ ಬಂದು ಲೈಟು ಹಿಡಿಯುತ್ತಾರೆ. ಕ್ಯಾಮೆರಾ ನನ್ನ ಕೊರಳಲ್ಲಿ ಇದ್ದರೂ ಜನ ಅವರ ಮುಂದೆ ಹೋಗಿ, "ಸಾರ್, ನಮ್ಮದೊಂದು ಫ್ಯಾಮಿಲಿ ಫೋಟೊ ತೆಗೀರಿ" ಅನ್ನುತ್ತಾರೆ. ಅವರು ನಗುತ್ತ, "ನಂಗೆ ಮೋಟರ್ ಸುತ್ತಾಕೆ ಬರ್ತೈತ್ರಿ, ಇದು ಬರಲ್ಲ. ಅಲ್ಲಿ ಅದಾರಲ್ಲ, ಅವರನ್ನ ಕೇಳ್ರಿ" ಅನ್ನುತ್ತಾರೆ. ಅವರಿಗೆ ನಗು ಬರುತ್ತದೆ. ನನಗೆ ಬರುವುದಿಲ್ಲ.

ಆ ದಿನ ಹೂವಿನಾಕೆಯ ಫೋಟೊದ ಕೆಳಗೆ ಟೈಪು ಮಾಡಿದೆ. ಲೆನ್ಸು ಐವತ್ತು. ಅಪರ್ಚರ್ ಒಂದು ಪಾಯಿಂಟ್ ಎಂಟು. ಶಟರ್ ಅರವತ್ತು. ಐಎಸ್ಓ ಸಾವಿರದ ಆರುನೂರು. ಗೊತ್ತಿಲ್ಲದವರಿಗೆ ಹೇಳುವುದಾದರೆ ಇಷ್ಟೇ: ಲೆನ್ಸಿನ ಬಾಯಿ ಎಷ್ಟು ತೆರೆದಿತ್ತು, ಎಷ್ಟು ಹೊತ್ತು ತೆರೆದಿತ್ತು (ಅರವತ್ತು ಎಂದರೆ ಸೆಕೆಂಡಿನ ಅರವತ್ತನೇ ಒಂದು ಪಾಲು), ಕ್ಯಾಮೆರಾ ಎಷ್ಟು ಬೆಳಕಿಗೆ ಆಸೆಪಡುವಂತೆ ಇಟ್ಟಿದ್ದೆ ಎಂಬುದು. ಕೊನೆಯಲ್ಲಿ, 'ಸೆಟ್ ಮಾಡಿದ್ದು ನಾನು' ಎಂದು ಸೇರಿಸಿದೆ. ಅಂದಿನಿಂದ ಒಂದು ಫೋಟೊವನ್ನೂ ನಂಬರಿಲ್ಲದೆ ಹಾಕಿಲ್ಲ.

ಈ ನಂಬರುಗಳನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮದುವೆಯಾದ ಹೊಸತರಲ್ಲಿ ಚನ್ನಗಿರಿಯ ಒಂದು ಸ್ಟುಡಿಯೊದಲ್ಲಿ ಆಲ್ಬಂ ಡಿಸೈನಿಂಗ್ ಕೆಲಸಕ್ಕೆ ಸೇರಿದ್ದೆ. ಹೆಂಗಸರಿಗೆ ಕೊಡುತ್ತಿದ್ದದ್ದು ಅದೊಂದೇ ಕೆಲಸ. ಒಳಕೋಣೆ, ಒಂದು ಕಂಪ್ಯೂಟರು, ಒಂದು ಫ್ಯಾನು. ಗಂಡಸರು ಮದುವೆಗೆ ಹೋಗಿ ಫೋಟೊ ತೆಗೆದು ತಂದು ಸುರಿಯುತ್ತಿದ್ದರು, ನಾನು ಮದುಮಗಳ ಮುಖದ ಮೇಲಿನ ಬೆವರು ಒರೆಸಿ, ಹಿಂದಿನ ಕುರ್ಚಿ ಅಳಿಸಿ, ಹಾಳೆ ಜೋಡಿಸುತ್ತಿದ್ದೆ. ಹೊನ್ನಾಳಿ, ನ್ಯಾಮತಿಗಳ ಸ್ಟುಡಿಯೊದವರೂ ಅಲ್ಲಿಗೇ ಆಲ್ಬಂ ಕೆಲಸ ಕೊಡುತ್ತಿದ್ದರು. ಒಳ್ಳೆಯ ಫೋಟೊ ಕಂಡರೆ ನಾನು ಕೇಳುತ್ತಿದ್ದೆ, "ಅಣ್ಣಾ, ಇದಕ್ಕೆ ಎಷ್ಟಿಟ್ಟಿದ್ರಿ?" ಒಬ್ಬರು, "ಅದು ಹೇಳಾಕೆ ಬರಲ್ಲ, ಕೈಗೆ ಬರಬೇಕು" ಅನ್ನುವರು. ಇನ್ನೊಬ್ಬರು, "ನಿಂಗ್ಯಾಕವ್ವಾ ಅದು, ಬಾರ್ಡರ್ ಚೆಂದ ಹಾಕು ಸಾಕು" ಅನ್ನುವರು.

ಒಂದು ದಿನ ಯಾವುದೋ ಫೈಲು ತೆರೆಯಲು ಹೋಗಿ ಮೌಸಿನ ಬಲಗಡೆ ಒತ್ತಿಬಿಟ್ಟೆ. ಒಂದು ಪಟ್ಟಿ ಬಿಚ್ಚಿಕೊಂಡಿತು. ಅದರ ಕೊನೆಯದನ್ನು ಒತ್ತಿದರೆ ಎಲ್ಲ ಅಲ್ಲೇ ಇತ್ತು. ಯಾವ ಲೆನ್ಸು, ಎಷ್ಟು ಶಟರ್, ಎಷ್ಟು ಐಎಸ್ಓ, ಫ್ಲಾಶು ಹೊಡೆದಿತ್ತೋ ಇಲ್ಲವೋ. ಪ್ರತಿ ಫೋಟೊದ ಹೊಟ್ಟೆಯೊಳಗೂ ಕ್ಯಾಮೆರಾ ತಾನೇ ಬರೆದಿಟ್ಟಿತ್ತು. ಬಾಯಿ ಬಿಡದ ಈ ಗಂಡಸರು ತಮ್ಮ ಗುಟ್ಟನ್ನೆಲ್ಲ ತಾವೇ ತಂದು ನನ್ನ ಮೇಜಿನ ಮೇಲೆ ಇಟ್ಟು ಚಹಾ ಕುಡಿಯಲು ಹೋಗುತ್ತಿದ್ದರು. ನನಗೆ ಒಬ್ಬಳಿಗೇ ಎಷ್ಟು ನಗು ಬಂತೆಂದರೆ, ಪಕ್ಕದ ಜೆರಾಕ್ಸ್ ಅಂಗಡಿಯಾಕೆ ಬಂದು ಇಣುಕಿ ಹೋದಳು.

ನಾನು ಕೆಲಸ ಕಲಿತದ್ದು ಹಾಗೆ. ಸಾವಿರಾರು ಮದುವೆಗಳ ಹೊಟ್ಟೆ ನೋಡಿ. ಯಾರು ಕತ್ತಲಲ್ಲಿ ಹೆದರಿ ಫ್ಲಾಶು ಹೊಡೆಯುತ್ತಾರೆ, ಯಾರು ಇಡೀ ದಿನ ಒಂದೇ ನಂಬರಿನಲ್ಲಿ ತಳ್ಳುತ್ತಾರೆ, ಯಾರದು ಬರೀ ಅದೃಷ್ಟ, ಎಲ್ಲ ಗೊತ್ತಾಯಿತು. ಅದನ್ನು ಯಾರ ಮುಂದೆಯೂ ಆಡಲಿಲ್ಲ. ಒಂದು ಮಾತು ಮಾತ್ರ ಮನಸ್ಸಿನಲ್ಲಿ ಗಟ್ಟಿಯಾಯಿತು. ನನ್ನನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ನ್ಯಾಮತಿ ತಾಲ್ಲೂಕು ಆದಮೇಲೆ ಆಫೀಸುಗಳು ಬಂದವು, ಅರ್ಜಿಗಳು ಬಂದವು, ಅರ್ಜಿಗೆ ಅಂಟಿಸಲು ಪಾಸ್‌ಪೋರ್ಟ್ ಸೈಜಿನ ಫೋಟೊ ಬೇಕಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಹಿಡಿದು ನನ್ನದೇ ಸ್ಟುಡಿಯೊ ತೆರೆದೆ. ಒಂದು ಕ್ಯಾಮೆರಾ, ಒಂದು ಐವತ್ತರ ಲೆನ್ಸು. ಇನ್ನು ಮದುವೆ ಕೆಲಸಕ್ಕೆ ಬೇಕಾದ ಉದ್ದದ ಲೆನ್ಸು, ಎರಡನೇ ಕ್ಯಾಮೆರಾ, ಅದನ್ನು ಹಿಡಿಯುವ ಕೈ, ಇವೆಲ್ಲ ಬಳಗದಿಂದ ಬರಬೇಕು.

ಬಳಗ ಎಂದರೆ ನಮ್ಮ ಈ ಕಡೆಯ ಸ್ಟುಡಿಯೊದವರ ಬಳಗ. ಒಳ್ಳೆಯ ಮುಹೂರ್ತ ಇದ್ದ ದಿನ ಎಲ್ಲ ಊರುಗಳಲ್ಲೂ ಒಟ್ಟಿಗೇ ಮದುವೆ. ಯಾವ ಒಂದು ಸ್ಟುಡಿಯೊದ ಹತ್ತಿರವೂ ಅಷ್ಟು ಸಾಮಾನು ಇರುವುದಿಲ್ಲ. ಹಾಗಾಗಿ ಚನ್ನಗಿರಿಯ ಲೈಟು ಹೊನ್ನಾಳಿಗೆ ಹೋಗುತ್ತದೆ, ಹೊನ್ನಾಳಿಯ ಲೆನ್ಸು ಬಸ್ಸಿನ ಡ್ರೈವರ್ ಕೈಯಲ್ಲಿ ನ್ಯಾಮತಿಗೆ ಬರುತ್ತದೆ. ಬಾಡಿಗೆ ಗೀಡಿಗೆ ಯಾರೂ ಕೇಳುವುದಿಲ್ಲ. ಇವತ್ತು ನಿನಗೆ ನಾನು, ನಾಳೆ ನನಗೆ ನೀನು. ಇದರಿಂದ ಒಬ್ಬರನ್ನು ಹೊರಗಿಟ್ಟರೆ ಅವರು ಪಾಸ್‌ಪೋರ್ಟ್ ಫೋಟೊ ತೆಗೆದುಕೊಂಡು ಕೂರಬೇಕು, ಅಷ್ಟೇ. ಬಳಗಕ್ಕೆ ಹಿರಿಯರು ಹೊನ್ನಾಳಿಯ ಒಂದು ದೊಡ್ಡ ಸ್ಟುಡಿಯೊದ ಯಜಮಾನರು. ಎಲ್ಲರೂ ಅವರನ್ನು ಯಜಮಾನ್ರು ಎಂದೇ ಕರೆಯುವುದು. ಮೊದಲ ಸಲ ಉದ್ದದ ಲೆನ್ಸು ಕೊಟ್ಟು ಕಳಿಸಿದಾಗ, "ಹುಷಾರವ್ವಾ, ಕೂಸಿದ್ದಂಗೆ ಅದು" ಎಂದಿದ್ದರು. ಕೆಟ್ಟವರು ಎಂದು ನಾನು ಇವತ್ತಿಗೂ ಹೇಳುವುದಿಲ್ಲ.

ನನ್ನ ನಂಬರುಗಳನ್ನು ಬಳಗದವರು ಮೊದಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಜನ ಅದರ ಕೆಳಗೆ ಪ್ರಶ್ನೆ ಕೇಳತೊಡಗಿದರು. ನಲ್ಲೂರಿನ ಒಬ್ಬ ಮೇಷ್ಟ್ರು ಶಾಲೆ ಮಕ್ಕಳ ಕಬಡ್ಡಿ ಫೋಟೊ ತೆಗೆದು ನಂಬರು ಸಮೇತ ನನಗೆ ತೋರಿಸಿದರು. ಗೋವಿನಕೋವಿಯ ಒಬ್ಬ ತನ್ನ ತಂಗಿಯ ನಿಶ್ಚಿತಾರ್ಥದ ಫೋಟೊಗಳನ್ನು ತಾನೇ ತೆಗೆದ. ಆಗ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಗುಸುಗುಸು ಶುರುವಾಯಿತು. 'ಹಿಂಗೆ ಎಲ್ಲಾ ಬಿಚ್ಚಿಟ್ರೆ ನಾಳೆ ನಮ್ಮನ್ನ ಯಾರು ಕರೀತಾರೆ?' ನಾನು ನಂಬರು ಹಾಕುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಜಗಳೂರಿನ ಪ್ರಕರಣ ಆಯಿತು. ಅಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಒಬ್ಬಾಕೆ, ವಯಸ್ಸಿನಲ್ಲಿ ಹೆಚ್ಚುಕಡಿಮೆ ನನ್ನಷ್ಟೇ, ಮದುಮಕ್ಕಳನ್ನು ಸಿಂಗರಿಸುವುದು ಅವಳ ಕಸುಬು. ತಾನು ಸಿಂಗರಿಸಿದ ಮುಖಗಳನ್ನು ತಾನೇ ತೆಗೆಯಬೇಕೆಂಬ ಆಸೆಗೆ ಯಾರದೋ ಹಳೆಯ ಕ್ಯಾಮೆರಾ, ನನ್ನ ಐವತ್ತಕ್ಕಿಂತ ತುಸು ದೂರದ್ದನ್ನು ಎಳೆಯುವ ಒಂದು ಎಂಬತ್ತೈದರ ಲೆನ್ಸು ಕೊಂಡಿದ್ದಳು. ನನ್ನ ಪೇಜು ನೋಡುತ್ತಿದ್ದಳು. ಒಂದು ಮನೆಯಲ್ಲಿ ಬಸುರಿಗೆ ಕುಬುಸದ ಕಾರ್ಯ, ಸೀಮಂತ. ಸಿಂಗಾರವೂ ಇವಳದೇ, ಫೋಟೊವೂ ಇವಳದೇ. ಮಟಮಟ ಮಧ್ಯಾಹ್ನ, ಅಂಗಳದಲ್ಲಿ, ತಲೆಯ ಮೇಲೆ ಬಿಸಿಲು. ಅಲ್ಲಿ ಅವಳು ಇಟ್ಟದ್ದು ನನ್ನ ಹೂವಿನಾಕೆಯ ನಂಬರು. ಬೆಳಗಿನ ಕತ್ತಲಲ್ಲಿ ಬಸ್ಸಿನ ಹೆಡ್‌ಲೈಟಿಗೆ ನಾನು ಇಟ್ಟಿದ್ದ ನಂಬರು, ಒಂದೂ ಬದಲಿಸದೆ. ಡಾಕ್ಟರು ಬರೆದುಕೊಟ್ಟ ಮಾತ್ರೆಯ ಹಾಗೆ. ಆ ಬಿಸಿಲಿಗೆ ಕ್ಯಾಮೆರಾದ ಪರದೆಯೂ ಅವಳಿಗೆ ಕಾಣಲಿಲ್ಲವಂತೆ.

ಎಲ್ಲ ಬೆಳ್ಳಗೆ. ಬಸುರಿ ಇಲ್ಲ, ಮಡಿಲಲ್ಲಿ ತುಂಬಿದ ಹಣ್ಣು ಇಲ್ಲ, ಆರತಿ ಇಲ್ಲ. ಸುಣ್ಣ ಬಳಿದ ಗೋಡೆಯ ಫೋಟೊ ತೆಗೆದಂತಿತ್ತು. ಆ ಮನೆಯವರು ಅವಳನ್ನು ಬಾಯಿಗೆ ಬಂದಂತೆ ಬೈದರು. ಅವಳು ಅಳುತ್ತ, 'ನ್ಯಾಮತಿ ಅಕ್ಕ ಬರೆದದ್ದನ್ನೇ ಇಟ್ಟಿದ್ದೆ' ಅಂದಳಂತೆ. ಆ ಬಿಳಿ ಫೋಟೊಗಳು ಹೇಗೋ ಬಳಗದ ಗ್ರೂಪಿಗೆ ಬಂದುಬಿಟ್ಟವು.

ಯಜಮಾನರು ಹೊನ್ನಾಳಿಗೆ ಕರೆಸಿದರು. ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಬಳಗದವರು ಕೂತಿದ್ದರು. ನಾನೊಬ್ಬಳೇ ಹೆಂಗಸು. ಯಜಮಾನರು ಸಿಟ್ಟು ಮಾಡಲಿಲ್ಲ. ಅವರದು ಸಮಾಧಾನದ ಮಾತು.

"ನೋಡವ್ವಾ, ಒಂದು ಕಾರ್ಯ ಕೆಟ್ಟೋಯ್ತು. ಮತ್ತೆ ಬರುತ್ತಾ ಅದು? ನಿನ್ನ ನಂಬರ್ ನಂಬಿ ಆ ಹೆಣ್ಮಗಳು ಬೈಸಿಕೊಂಡ್ಲು. ಫೋಟೊ ಹಾಕು, ಬ್ಯಾಡ ಅನ್ನಲ್ಲ. ನಂಬರ್ ಎಲ್ಲಾ ಅಳಿಸಿಬಿಡು."

"ನಂಬರಿಂದ ಕೆಡಲಿಲ್ಲಣ್ಣಾ" ಎಂದೆ. "ಬೆಳಕು ನೋಡದೆ ಇಟ್ಟಿದ್ದಕ್ಕೆ ಕೆಟ್ಟಿದ್ದು. ಬೆಳಕು ನೋಡಾಕೆ ಆಕೆಗೆ ಯಾರು ಹೇಳಿಕೊಟ್ಟಾರೆ? ನೀವು ಹೇಳಿಕೊಡ್ತೀರಾ?"

ಒಬ್ಬರು ನಡುವೆ ಬಾಯಿ ಹಾಕಿದರು. "ಅವರಿಗೆಲ್ಲಾ ಯಾಕೆ ಹೇಳಬೇಕು? ನಾವು ಗುರುಗಳ ಕಾಲು ಹಿಡಿದು ಕಲ್ತಿದ್ದು."

"ನಾನು ನಿಮ್ಮ ಫೈಲ್ ನೋಡಿ ಕಲ್ತಿದ್ದು" ಎಂದೆ. ಹೇಳಬಾರದಿತ್ತೇನೋ. ಆದರೆ ಬಾಯಿಂದ ಬಂದಾಗಿತ್ತು, ಬಂದದ್ದಕ್ಕೆ ನನಗೆ ಒಳಗೊಳಗೇ ಖುಷಿಯೂ ಆಯಿತು. "ನಿಮ್ಮ ಪ್ರತಿ ಫೋಟೊದ ಒಳಗೂ ಎಲ್ಲಾ ಬರೆದೈತೆ. ಕ್ಯಾಮೆರಾನೇ ಮುಚ್ಚಿಡಲ್ಲ. ಆನ್‌ಲೈನಿಗೆ ಹಾಕಿದಾಗ ಅದು ಉದುರಿ ಹೋಗ್ತೈತೆ, ಅದಕ್ಕೆ ನಾನು ಕೈಯಾರೆ ಬರೀತೀನಿ. ನೀವು ಜಪ್ಪಯ್ಯ ಅಂದ್ರೂ ಅಳಿಸಲ್ಲ."

ಯಜಮಾನರು, "ಹಂಗಾದ್ರೆ ಸಾಮಾನಿಗೆ ನಮ್ಮ ಕಡೆ ಬರಬ್ಯಾಡ" ಎಂದರು. ನಾನು ಎದ್ದು ಬಂದೆ.

ಅವತ್ತೇ ಪಾರ್ಲರ್‌ನಾಕೆಗೆ ಫೋನು ಮಾಡಿದೆ. ಬೈದು ಬಿಡಬೇಕು ಅಂತಲೇ ಮಾಡಿದ್ದು. ಅವಳು ನನಗಿಂತ ಮೊದಲೇ ಶುರುಮಾಡಿದಳು. "ನಂಬರ್ ಹಾಕಿದ್ರಿ ಸರಿ ಅಕ್ಕ. ಅದು ಕತ್ತಲ ನಂಬರ್ ಅಂತ ಯಾಕೆ ಬರೀಲಿಲ್ಲ? ನನಗೆ ಹೆಂಗೆ ತಿಳೀಬೇಕು? ಪೌಡರ್ ಡಬ್ಬಿ ಮೇಲೂ ಯಾವ ಬಣ್ಣದ ಮೈಗೆ ಅಂತ ಬರೆದಿರ್ತಾರೆ." ಸಿಟ್ಟು ಬಂತು, ಆದರೆ ಮಾತು ನ್ಯಾಯವಾಗಿತ್ತು. ಅಂದು ಸಂಜೆಯಿಂದ ಪ್ರತಿ ನಂಬರಿನ ಜೊತೆ ಬೆಳಕನ್ನೂ ಬರೆಯತೊಡಗಿದೆ. ಸೂರ್ಯ ಯಾವ ಕಡೆ ಇದ್ದ, ಕಿಟಕಿ ಎಷ್ಟು ದೂರ, ಮೋಡ ಇತ್ತೋ ಇಲ್ಲವೋ, ಇದೇ ಜಾಗದಲ್ಲಿ ಮಧ್ಯಾಹ್ನವಾದರೆ ಏನು ಬದಲಿಸಬೇಕು. ಅಳಿಸು ಅಂದದ್ದಕ್ಕೆ ಇನ್ನೂ ನಾಲ್ಕು ಸಾಲು ಜಾಸ್ತಿ. ನೋಡಿಕೊಳ್ಳಲಿ.

ಆದರೆ ನನ್ನ ಹಟಕ್ಕೆ ಒಂದು ಮದುವೆ ಅಡ್ಡ ಬಂತು. ಚನ್ನಗಿರಿಯಲ್ಲಿ ಮದುವೆ, ಹೆಣ್ಣಿನ ಕಡೆಯ ಫೋಟೊ ನನ್ನದು. ಬಳಗದವರು ನನ್ನನ್ನು ಹೊರಗಿಡುವ ಮೊದಲೇ ಒಪ್ಪಿಕೊಂಡದ್ದು. ದೊಡ್ಡ ಮನೆತನ, ದೊಡ್ಡ ಮಂಟಪ. ಇಂಥ ಮದುವೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಇದು ಚೆನ್ನಾಗಿ ಬಂದರೆ ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲೂ ಹೆಸರು. ಕೆಟ್ಟರೆ, 'ಹೆಂಗಸಿನ ಕೈಗೆ ಯಾಕೆ ಕೊಟ್ರಿ' ಎಂಬ ಮಾತು ನನ್ನೊಬ್ಬಳಿಗಲ್ಲ, ನನ್ನ ಹಿಂದೆ ಬರುವ ಯಾರಿಗೂ ಬಿಡುವುದಿಲ್ಲ. ದಿನ ಹತ್ತಿರ ಬಂದಂತೆ ಒಬ್ಬೊಬ್ಬರಿಗೂ ಫೋನು ಮಾಡಿದೆ. "ಲೆನ್ಸ್ ಬೇರೆ ಕಡೆ ಹೋಗೈತೆ", "ಹುಡುಗ್ರು ಯಾರೂ ಖಾಲಿ ಇಲ್ಲ." ಎಲ್ಲರದೂ ಒಂದೇ ಪಾಠ. ಗಂಡಿನ ಊರು ಹೊನ್ನಾಳಿ. ಗಂಡಿನ ಕಡೆಯ ವಿಡಿಯೊ, ಫೋಟೊ ಎರಡೂ ಯಜಮಾನರದೇ.

ಕೊನೆಗೆ ಅವರೇ ಫೋನು ಮಾಡಿದರು. "ಮದುವೆ ಮುಗಿಯೋ ತನಕ ಅಳಿಸಿಬಿಡವ್ವಾ. ಆಮೇಲೆ ನಿಂಗೆ ಹೆಂಗೆ ಬೇಕೋ ಹಂಗೆ ಮಾಡು. ಲೆನ್ಸ್ ನಾನೇ ಕೊಡ್ತೀನಿ, ಕೈಗೆ ಹುಡುಗನ್ನೂ ಕೊಡ್ತೀನಿ."

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ನಮ್ಮ ಮನೆಯವರು, "ನಾಲ್ಕು ದಿನದ್ದಕ್ಕೆ ಏನಾಗ್ತೈತೆ, ಅಳಿಸು. ಮತ್ತೆ ಹಾಕಿದ್ರಾಯ್ತು" ಅಂದರು. ಮೊಬೈಲು ತೆಗೆದು ಹೂವಿನಾಕೆಯ ಫೋಟೊದ ಮುಂದೆ ಕೂತೆ. 'ಸೆಟ್ ಮಾಡಿದ್ದು ನಾನು' ಎಂಬ ಸಾಲನ್ನು ಅಳಿಸಬೇಕು. ಅದನ್ನು ಅಳಿಸಿ, ಅವರ ಲೆನ್ಸು, ಅವರ ಹುಡುಗನನ್ನು ಕರೆದುಕೊಂಡು ಮದುವೆಗೆ ಹೋದರೆ, ಅಲ್ಲಿ ಯಾರಾದರೂ 'ಯಾರು ಸೆಟ್ ಮಾಡಿಕೊಟ್ರು' ಎಂದು ಕೇಳಿದಾಗ ನನ್ನ ಬಾಯಲ್ಲಿ ಏನು ಉತ್ತರ ಇರುತ್ತದೆ? ಅಳಿಸದೆಯೇ ಮೊಬೈಲು ಬೋರಲು ಹಾಕಿ ಒಲೆ ಹತ್ತಿಸಲು ಹೋದೆ. ಅಂದು ಅವರೆಕಾಳಿನ ಸಾರು ತಳ ಹಿಡಿಯಿತು.

ಮರುದಿನ ಜಗಳೂರಿಗೆ ಫೋನು ಮಾಡಿದೆ. "ನಿನ್ನ ಹತ್ರ ಎಂಬತ್ತೈದು ಐತಲ್ಲ. ಚನ್ನಗಿರಿ ಮದುವೆಗೆ ಬರ್ತೀಯಾ? ಎರಡನೇ ಕ್ಯಾಮೆರಾ ನೀನು."

"ನಾನಾ ಅಕ್ಕ? ಬಿಳಿ ಫೋಟೊ ತೆಗೆದವಳನ್ನ?"

"ಹೂಂ, ಆಕೆನ್ನೇ."

"ನಿಮಗೆ ತಲೆ ಸರಿ ಐತಾ?"

"ಇಲ್ಲ. ಬಸ್ ಹತ್ತಿ ಬಾ."

ಮದುವೆಯ ಹಿಂದಿನ ಸಂಜೆಯೇ ಬಂದಳು. ಒಂದು ಕೈಯಲ್ಲಿ ಕ್ಯಾಮೆರಾ ಚೀಲ, ಇನ್ನೊಂದರಲ್ಲಿ ಅಭ್ಯಾಸ ಬಲದಿಂದ ಮೇಕಪ್ ಪೆಟ್ಟಿಗೆ. ನಮ್ಮ ಮನೆಯ ಮುಂದೆ, ಒಳಗೆ, ಬಲ್ಬಿನ ಕೆಳಗೆ, ಬೀದಿದೀಪದ ಕೆಳಗೆ, ನನ್ನನ್ನೇ ನಿಲ್ಲಿಸಿ ನಿಲ್ಲಿಸಿ ತೆಗೆದಳು. ಪ್ರತಿ ಸಲವೂ, "ಎಷ್ಟಿಡ್ಲಿ ಅಕ್ಕ?" ಅನ್ನುವಳು. ಪ್ರತಿ ಸಲವೂ ನಾನು, "ಬೆಳಕು ನೋಡು, ನೀನೇ ಹೇಳು" ಅನ್ನುತ್ತಿದ್ದೆ. ಮೊದಲು ಮುನಿಸಿಕೊಂಡಳು. ಕೊನೆಕೊನೆಗೆ ಕೇಳುವುದನ್ನೇ ಬಿಟ್ಟಳು. ಅದನ್ನು ಕಂಡು ನನಗೆ ಧೈರ್ಯವೂ ಬಂತು, ಭಯವೂ ಆಯಿತು.

ಮಂಟಪದಲ್ಲಿ ಯಜಮಾನರು ನಮ್ಮಿಬ್ಬರನ್ನೂ ನೋಡಿದರು. ಅವರ ಜೊತೆ ಇಡೀ ಪಟಾಲಂ. ದೊಡ್ಡ ಲೈಟು, ಕ್ರೇನು, ತಲೆಯ ಮೇಲೆ ಹಾರುವ ಡ್ರೋನು. ನನ್ನ ಕಡೆ ನಾನು, ಒಂದು ಐವತ್ತು, ಪಾರ್ಲರ್‌ನಾಕೆ, ಒಂದು ಎಂಬತ್ತೈದು, ಲೈಟು ಹಿಡಿದ ನಮ್ಮ ಮನೆಯವರು. "ಓಹೋ, ಬಿಳಿ ಫೋಟೊದೋರು ಇವರೇನಾ?" ಎಂದರು ಯಜಮಾನರು. ನಮಸ್ಕಾರ ಮಾಡಿದೆ. ಅವರೂ ಮಾಡಿದರು.

ಬೆಳಗಿನ ಶಾಸ್ತ್ರಗಳೆಲ್ಲ ಚೆನ್ನಾಗಿ ಹೋದವು. ಹೆಣ್ಣಿನ ಕೋಣೆಯೊಳಗೆ ಗಂಡಸು ಕ್ಯಾಮೆರಾದವರಿಗೆ ಪ್ರವೇಶ ಇರಲಿಲ್ಲ, ಅಲ್ಲಿ ನಾವೇ ದೊರೆಗಳು. ಕಷ್ಟ ಇದ್ದದ್ದು ತಾಳಿಯ ಹೊತ್ತಿಗೆ. ಎಲ್ಲ ಮದುವೆಯಲ್ಲೂ ಅದು ಯುದ್ಧವೇ. ವಾದ್ಯ ಜೋರಾದ ಕೂಡಲೆ ಮಂಟಪದಲ್ಲಿದ್ದವರೆಲ್ಲ ಎದ್ದು ನಿಂತು ಅಕ್ಕಿಕಾಳು ಎಸೆಯುತ್ತಾರೆ, ಇನ್ನೊಂದು ಕೈಯಲ್ಲಿ ಮೊಬೈಲು ಎತ್ತುತ್ತಾರೆ. ಉದ್ದದ ಲೆನ್ಸು ಇದ್ದರೆ ದೂರದಿಂದ, ತಲೆಗಳ ಸಂದಿಯಿಂದ ತೆಗೆಯಬಹುದು. ಐವತ್ತು ಇದ್ದವರು ನುಗ್ಗಿ ಹತ್ತಿರ ಹೋಗಬೇಕು. ನಾನು ನುಗ್ಗಿದೆ. ಮದುಮಗಳ ಎದುರಿಗೇ ಜಾಗ ಸಿಕ್ಕಿತು. ಅಕ್ಕಿಕಾಳು ಗಾಳಿಯಲ್ಲಿ ನಿಂತಂತೆ ಕಾಣಲಿ ಎಂದು ಶಟರ್ ಐನೂರಕ್ಕೆ ಇಟ್ಟೆ. ಎಲ್ಲ ತಾಳಿಗೂ ನಾನು ಇಡುವುದು ಅದೇ. ಪಾರ್ಲರ್‌ನಾಕೆಯನ್ನು ಪಕ್ಕದ ಕಂಬಕ್ಕೆ ಒರಗಿಸಿ ಕುರ್ಚಿಯ ಮೇಲೆ ಹತ್ತಿಸಿದ್ದೆ. ಅಲ್ಲಿಂದ ಅವಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಎಷ್ಟು ಎಂದು ಕೇಳುತ್ತಿದ್ದಾಳೆ. ನಾನು ಕಣ್ಣಿನ ಕಡೆ ಬೆರಳು ತೋರಿಸಿದೆ. ನೀನೇ ನೋಡು.

ವಾದ್ಯ ಏರಿತು. ಗಂಡು ತಾಳಿ ಎತ್ತಿದ. ಅದೇ ಹೊತ್ತಿಗೆ ಯಜಮಾನರ ವಿಡಿಯೊದವನು ನನಗೂ ಮದುಮಗಳಿಗೂ ನಡುವೆ ಬಂದು ನಿಂತ. ಬೇಕೆಂದೇ ಬಂದನೋ, ನೂಕುನುಗ್ಗಲಲ್ಲಿ ಬಂದನೋ, ದೇವರಿಗೇ ಗೊತ್ತು. ನಾನು ಎಡಕ್ಕೆ ಸರಿದರೆ ಅವನ ಭುಜ, ಬಲಕ್ಕೆ ಸರಿದರೆ ಅವನ ಲೈಟು. "ಸರೀರಪ್ಪಾ" ಎಂದು ಕೂಗಿದೆ. ವಾದ್ಯದ ಗದ್ದಲದಲ್ಲಿ ಯಾರಿಗೆ ಕೇಳಬೇಕು. ಅಕ್ಕಿಕಾಳು ಬಿದ್ದವು, ಮೂರು ಗಂಟೂ ಬಿದ್ದವು, ಮುಗಿಯಿತು. ನನ್ನ ಕ್ಯಾಮೆರಾದಲ್ಲಿದ್ದದ್ದು ಒಬ್ಬ ಗಂಡಸಿನ ಅಂಗಿಯ ಬೆನ್ನು.

ಹೆಣ್ಣಿನ ಮನೆಯವರಿಗೆ ತಾಳಿಯ ಫೋಟೊ ಇಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಕುರ್ಚಿಯ ಹತ್ತಿರ ಓಡಿದೆ. "ತೆಗೆದ್ಯಾ?" ಅಂದೆ. ಅವಳು ಕ್ಯಾಮೆರಾ ಕೈಗಿಟ್ಟಳು. ಮೊದಲು ಕಂಡದ್ದು ನಂಬರು. ಶಟರ್ ಮೂವತ್ತು. ಅಷ್ಟು ನಿಧಾನಕ್ಕೆ ಇಟ್ಟರೆ ಎಲ್ಲ ಅಲುಗಾಡಿ ಕಲಸಿಹೋಗುತ್ತದೆ. ಬಾಯಿ ತೆರೆದಿದ್ದೆ, ಬೈಯಲು.

ಫೋಟೊ ದೊಡ್ಡದು ಮಾಡಿ ನೋಡಿದೆ. ಅಕ್ಕಿಕಾಳು ಕಾಳಾಗಿ ಇರಲಿಲ್ಲ, ಉದ್ದುದ್ದ ಬಿಳಿ ಗೆರೆಗಳಾಗಿ ಸುರಿಯುತ್ತಿದ್ದವು. ಸುತ್ತಲಿನ ಕೈಗಳು, ಮೊಬೈಲುಗಳು, ಆ ವಿಡಿಯೊದವನು, ಎಲ್ಲ ಹೊಗೆಯ ಹಾಗೆ ಕರಗಿದ್ದವು. ನಡುವೆ ಮದುಮಗಳು ಮಾತ್ರ ಅಲುಗದೆ ಇದ್ದಳು. ಬಗ್ಗಿದ ತಲೆ, ಮುಚ್ಚಿದ ಕಣ್ಣು, ರೆಪ್ಪೆಯ ಒಂದೊಂದು ಕೂದಲೂ ಸ್ಪಷ್ಟ.

"ಮೂವತ್ತು ಯಾಕಿಟ್ಟೆ?" ಎಂದೆ.

"ಸುತ್ತಾ ಇರೋರು ಕುಣೀತಾರಕ್ಕ. ಮದುಮಗಳು ಆ ಹೊತ್ತಲ್ಲಿ ಉಸಿರೂ ಬಿಡಲ್ಲ. ನಾನು ಎಷ್ಟು ಜನಕ್ಕೆ ಕಾಡಿಗೆ ಹಚ್ಚೀನಿ, ಯಾರು ಎಷ್ಟು ಹೊತ್ತು ಅಲುಗಾಡದಂಗೆ ಇರ್ತಾರೆ ಅಂತ ನಂಗೊತ್ತು. ತಪ್ಪಾತಾ?"

ಅವಳನ್ನು ಕುರ್ಚಿಯಿಂದ ಇಳಿಸಿ ಗಟ್ಟಿಯಾಗಿ ತಬ್ಬಿಕೊಂಡೆ. ಎರಡು ಕ್ಯಾಮೆರಾಗಳು ನಮ್ಮ ನಡುವೆ ಡಿಕ್ಕಿ ಹೊಡೆದವು. ನಾನಾಗಿದ್ದರೆ ನೂರು ಜನ್ಮಕ್ಕೂ ಆ ನಂಬರು ಇಡುತ್ತಿರಲಿಲ್ಲ.

ಹೆಣ್ಣಿನ ಮನೆಯವರನ್ನು ಕೇಳಿ, ಒಪ್ಪಿಸಿ ಆ ಫೋಟೊವನ್ನು ಪೇಜಿಗೆ ಹಾಕಿದೆ. ತೆಗೆದವಳ ಹೆಸರು ಮೊದಲು. ಆಮೇಲೆ ಲೆನ್ಸು ಎಂಬತ್ತೈದು, ಅಪರ್ಚರ್ ಐದು ಪಾಯಿಂಟ್ ಆರು, ಶಟರ್ ಮೂವತ್ತು, ಐಎಸ್ಓ ನಾನೂರು. ಬೆಳಕು: ಗಂಡಿನ ಕಡೆಯವರ ದೊಡ್ಡ ಲೈಟು, ಎಡಗಡೆಯಿಂದ. ಸೆಟ್ ಮಾಡಿದ್ದು ಇವಳೇ. ಯಜಮಾನರ ಲೈಟನ್ನು ಬರೆಯದೆ ಬಿಡಬಹುದಿತ್ತು. ಆದರೆ ಬೆಳಕು ಅವರದೇ ಆಗಿತ್ತು, ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆ ಫೋಟೊ ಎಷ್ಟು ಊರು ತಿರುಗಿತೋ ಲೆಕ್ಕವಿಲ್ಲ. ಮದುವೆ ಗೊತ್ತಾದವರು, 'ನಮಗೂ ಅಕ್ಕಿಕಾಳು ಮಳೆಯಂಗೆ ಸುರಿಯೋ ಫೋಟೊ ಬೇಕು' ಎಂದು ತಮ್ಮತಮ್ಮ ಸ್ಟುಡಿಯೊದವರನ್ನು ಕಾಡತೊಡಗಿದರಂತೆ.

ಮುಂದಿನ ಮುಹೂರ್ತಗಳು ಮುಗಿದ ಮೇಲೆ ಒಂದು ದಿನ ಯಜಮಾನರ ಫೋನು. ಮಳೆ, ಬೆಳೆ, ನಮ್ಮ ಮನೆಯವರ ಅಂಗಡಿ, ಎಲ್ಲ ವಿಚಾರಿಸಿದರು. ನಾನು ಕಾದೆ.

"ಆ ಅಕ್ಕಿಕಾಳಿನ ಫೋಟೊ" ಎಂದರು ಕೊನೆಗೆ. "ಕೆಳಗೆ ಬರೆದಿದ್ದೀಯಲ್ಲ, ಅದು ಖರೇನಾ?"

"ಖರೇನೇ. ಯಾಕಣ್ಣಾ?"

"ಏನಿಲ್ಲ. ನಮ್ಮ ಹುಡುಗ ಹಂಗೇ ಇಟ್ಟಿದ್ನಂತೆ. ಎಲ್ಲಾ ಕಲಸಿಹೋಗ್ಯಾವೆ. ಮದುಮಗಳೂ ಅಲುಗಾಡ್ಯಾಳೆ. ಆ ಮನೆಯವರು ಬೈದು ಹೋದ್ರು."

ಹುಡುಗನೋ, ಅವರೋ, ನಾನು ಕೇಳಲಿಲ್ಲ. ನಗಲೂ ಇಲ್ಲ. "ನಂಬರ್ ಸರಿ ಐತಣ್ಣಾ. ಯಾವಾಗ ಒತ್ತಬೇಕು ಅನ್ನೋದು ನಂಗೂ ಪೂರ್ತಿ ತಿಳಿದಿಲ್ಲ. ಆಕೆಗೆ ಗೊತ್ತು. ಜಗಳೂರಿಗೆ ಫೋನ್ ಮಾಡಿ ಕೇಳ್ರಿ."

"ಪಾರ್ಲರ್‌ನಾಕೆನ್ನಾ?"

"ಹೂಂ."

ಅವರು ತಮ್ಮ ಎಂದಿನ ಸಮಾಧಾನದ ದನಿಯಲ್ಲಿ, "ಹಂಗಾದ್ರೆ ಒಂದು ಕೆಲಸ ಮಾಡು. ಆಕೆಗೆ ಹೇಳು, ನನಗೆ ತಿಳಿಸಿಕೊಡ್ಲಿ. ನಿಮ್ಮಿಬ್ಬರಿಗೂ ಯಾವಾಗ ಬೇಕಾದ್ರೂ ಆ ಉದ್ದ ಲೆನ್ಸ್ ಕೊಡ್ತೀನಿ."

"ಲೆನ್ಸ್ ನಿಮ್ಮ ಹತ್ರನೇ ಇರ್ಲಿ ಅಣ್ಣಾ" ಎಂದೆ. "ಆಕೆ ಸುಮ್ನೆ ಕೇಳಿದ್ರೂ ಹೇಳ್ತಾಳೆ."